ದೀಪದ ಲೆಕ್ಕ, ಒಲೆಯ ಲೆಕ್ಕ

ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿಗಳಿಗೆ ಬಂದದ್ದು 1905ರಲ್ಲಿ. ಹಳ್ಳಿಗಳ ಸರದಿಯು ಬಹುಕಾಲದ ತರುವಾಯ ಬಂದಿತು. ಬಂದಾಗಲೂ ದೀಪಕ್ಕೆ ಬಂದಿತು, ಪಂಪಿಗೆ ಬಂದಿತು, ಅಡಿಗೆಯ ಮನೆಗೆ ಬರಲಿಲ್ಲ. ಭಾಗ್ಯಜ್ಯೋತಿಯೆಂದು ಸರ್ಕಾರದವರು ಬಡವರಿಗೆ ಕೊಟ್ಟದ್ದು ಒಂದು ದೀಪ. ಅದನ್ನು ನಾವು ಹಗುರಾಗಿ ಎಣಿಸತಕ್ಕವರಲ್ಲ. ಆದರೆ ಅದರ ಬೆಳಕಿನಲ್ಲಿ ಗೃಹಿಣಿಯು ಕಂಡದ್ದು ಅದೇ ಮಸಿಹಿಡಿದ ಗೋಡೆಯನ್ನು, ಅದೇ ಹಸಿ ಸೌದೆಯ ಹೊಗೆಯನ್ನು.

ಇದಕ್ಕೆ ದೂರದ ದೇಶಗಳ ನಿದರ್ಶನವು ಬೇಕಾಗಿಲ್ಲ. ಯಶವಂತಪುರದ ಮಗ್ಗುಲಲ್ಲಿಯೇ ಇರುವ, ಜನರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರು 1974ರಲ್ಲಿ ‘ಅಸ್ತ್ರ’ ಎಂಬ ವಿಭಾಗವನ್ನು ಆರಂಭಿಸಿದರು. ಅಲ್ಲಿನ ವಿದ್ವಾಂಸರು ಕುಣಿಗಲ್ ತಾಲ್ಲೂಕಿನ ಪುರ ಎಂಬ ಗ್ರಾಮಕ್ಕೆ ಹೋಗಿ, ಆಳಿನ ದುಡಿಮೆ, ಎತ್ತಿನ ದುಡಿಮೆ, ಸೌದೆ, ಸೀಮೆಎಣ್ಣೆ, ವಿದ್ಯುತ್ತು ಇವೆಲ್ಲವನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದರು. ಊರು ಬಳಸುತ್ತಿದ್ದ ಶಕ್ತಿಯಲ್ಲಿ ಸೌದೆಯ ಪಾಲು ನೂರಕ್ಕೆ 80ನ್ನು ಮೀರಿತ್ತು. ವಿದ್ಯುತ್ತಿನದು ನೂರಕ್ಕೆ 1 ಸಹ ಇರಲಿಲ್ಲ. ಇದು ವಿದ್ಯುತ್ತು ಆಗಲೇ ಕಾಲಿಟ್ಟಿದ್ದ ಊರಿನ ಮಾತೆಂಬುದನ್ನು ವಾಚಕರು ಗಮನಿಸಬೇಕು.

ಅಲ್ಲಿ ಸಗಣಿಯಿಂದ ಅನಿಲವನ್ನು ಮಾಡುವ ಸಾಮುದಾಯಿಕ ಸ್ಥಾವರವೊಂದನ್ನು ಕಟ್ಟಿದ್ದು ಅಡಿಗೆಗಾಗಿಯೇ. ಊರ ದನಗಳ ಸಗಣಿಯು ಎಲ್ಲ ಮನೆಗಳ ಒಲೆಗೆ ಸಾಲದೆ ಹೋಯಿತು. ಆಮೇಲೆ, 1987ರಿಂದ, ಅದೇ ಅನಿಲವನ್ನು ಡೀಸೆಲಿನೊಡನೆ ಎಂಜಿನ್ನಿಗೆ ಕೊಟ್ಟು ವಿದ್ಯುತ್ತನ್ನು ಮಾಡಿ, ಮನೆಗಳಿಗೆ ದೀಪವನ್ನೂ ಕುಡಿಯುವ ನೀರನ್ನೂ ಒದಗಿಸಿದರು. ಜನರು ಸಗಣಿಯನ್ನು ತಂದುಹಾಕಿದರು. ಹಲವು ವರ್ಷಗಳು ಅದು ನಡೆಯಿತು. ನೀರು ಮನೆಯ ಬಳಿಗೆ ಬಂದದ್ದು ಹೆಂಗಸರಿಗಾದ ಸಣ್ಣ ಉಪಕಾರವಲ್ಲ. ಆದರೂ ಒಲೆಗೆಂದು ಹೊರಟ ಕಾರ್ಯವು ದೀಪದಲ್ಲಿ ನಿಂತಿತು. ಒಲೆಗೆ ಅದೇ ವಿಭಾಗದವರು ರೂಪಿಸಿದ, ಮೂರು ಪಾತ್ರೆಗಳ, ಹೊಗೆಗೊಳವೆಯುಳ್ಳ ಅಸ್ತ್ರ ಒಲೆಯುಂಟಾಯಿತು. ಸೌದೆಯ ಹೊರೆ ಇಳಿಯಿತಾದರೂ ತಪ್ಪಲಿಲ್ಲ.

ಇಂದಿಗೂ ದೀಪವು ಒಂದು ಮಂತ್ರಿಶಾಖೆಯದು, ಒಲೆಯು ಇನ್ನೊಂದರದು. ಉಜ್ವಲಾ ಯೋಜನೆಯ ಸಿಲಿಂಡರು 2016ರಲ್ಲಿ ಬಂದಿತು, ಸೌಭಾಗ್ಯದ ತಂತಿಯು 2017ರಲ್ಲಿ. ಹಣ ಸಾಲದ ತಿಂಗಳಲ್ಲಿ ಸಿಲಿಂಡರು ಮೂಲೆಗೆ, ಸೌದೆ ಒಲೆಗೆ. ಹಾಗಾದರೆ ವಿದ್ಯುತ್ತಿನ ಒಲೆಯೇ ಆಗಲಿ ಎಂದರೆ, ದೀಪವು ಎಳೆಯುವುದು 9 ವ್ಯಾಟ್, ಒಲೆಯು 1,500 ವ್ಯಾಟ್. ನೂರು ಮನೆಯವರು ಸಂಜೆ ಒಮ್ಮೆಗೇ ಅಡಿಗೆಗೆ ನಿಂತರೆ 150 ಕಿಲೋವ್ಯಾಟಿನ ಭಾರ. ಊರ ಬಾಗಿಲಲ್ಲಿರುವ 63 ಅಥವಾ 100 ಕೆ.ವಿ.ಎ. ಟ್ರಾನ್ಸ್‌ಫಾರ್ಮರು ಅದನ್ನು ಹೊರಲಾರದು.

ಇನ್ನೊಂದು ವಿಷಯವು ಇದಕ್ಕಿಂತ ಕಠಿಣ. 2023ರ ಗೃಹಜ್ಯೋತಿಯಲ್ಲಿ 200 ಯೂನಿಟ್ಟಿನ ಮಾತಿದ್ದರೂ, ಪ್ರತಿಯೊಂದು ಮನೆಗೆ ಉಚಿತವೆಂದು ಕಟ್ಟಿದ್ದು 2022-23ರ ತಿಂಗಳ ಸರಾಸರಿ, ಅದರ ಮೇಲೆ ನೂರಕ್ಕೆ 10. ತೀರ ಕಡಮೆ ಬಳಸುವವರಿಗೆ 2024ರಲ್ಲಿ ಅದನ್ನು 10 ಯೂನಿಟ್ಟಾಗಿ ಮಾರ್ಪಡಿಸಿದರು. ಆ ವರ್ಷ ಪೇಟೆಯಲ್ಲಿ ಗೀಸರಿನ ನೀರಿನಲ್ಲಿ ಮಿಂದವನ ಸರಾಸರಿಯಲ್ಲಿ ಗೀಸರೂ ಸೇರಿತು. ಸೌದೆಯಲ್ಲಿ ಬೇಯಿಸಿದವಳ ಸರಾಸರಿಯಲ್ಲಿ ಒಲೆಯು ಸೇರಲಿಲ್ಲ. ಆಕೆ ಈಗ ದಿನಕ್ಕೆ ಒಂದು ತಾಸು ವಿದ್ಯುತ್ತಿನ ಒಲೆಯನ್ನು ಹೊತ್ತಿಸಿದರೆ ತಿಂಗಳಿಗೆ 45 ಯೂನಿಟ್ಟು. 10 ಕಳೆದು ಉಳಿದುದಕ್ಕೆಲ್ಲ ಹಣ ತೆರಬೇಕು. ಹೊಗೆಯನ್ನು ಬಿಟ್ಟುದಕ್ಕೆ ದಂಡವೆಂದರೆ ಅಧಿಕಾರಿವರ್ಗದವರು ಮುನಿಯಬಾರದು.

ಪಟ್ಟಣದ ಹಸಿವನ್ನು ವರ್ಷಗಳ ಮುಂಚೆಯೇ ಎಣಿಸಿ ಯಲಹಂಕದಲ್ಲಿ 370 ಮೆಗಾವ್ಯಾಟಿನ ಅನಿಲ ಸ್ಥಾವರವನ್ನು ಕಟ್ಟಿ, 2024ರಲ್ಲಿ ಉದ್ಘಾಟಿಸಿದವರಿಗೆ, ಹೆಸರಘಟ್ಟದ ಕಡೆಯ ಹಳ್ಳಿಗಳಲ್ಲಿ ಸೌದೆಯ ಒಲೆಗಳು ಎಷ್ಟೆಂದು ಎಣಿಸುವುದು ಅಸಾಧ್ಯವೇ? ಮೊದಲು ಅದಾಗಲಿ. ಆ ಲೆಕ್ಕವನ್ನು ಹಿಡಿದು ಬೆಸ್ಕಾಂನವರು ಟ್ರಾನ್ಸ್‌ಫಾರ್ಮರುಗಳನ್ನು ಗೊತ್ತುಮಾಡಲಿ. ಸೌದೆಯನ್ನು ಬಿಡುವ ಮನೆಗೆ ಒಲೆಯ 45 ಯೂನಿಟ್ಟುಗಳನ್ನು, 200ರ ಮಿತಿಯೊಳಗೇ, ಸರ್ಕಾರದವರು ಬೇರೆಯಾಗಿ ಸೇರಿಸಿಕೊಡಲಿ.