ಹೆಣ್ಣುಮಗುವಿನ ನಾಮಕರಣ ಮತ್ತು ಶರಣೆಯರ ಹೆಸರುಗಳು

ವೀರಶೈವ ಮನೆತನಗಳಲ್ಲಿ ಶಿಶುವಿಗೆ ಮೊದಲು ಲಿಂಗಧಾರಣ, ಆಮೇಲೆ ಹೆಸರು ಎಂಬುದು ಹಳೆಯ ವಾಡಿಕೆ. ಗುರುವಿನಿಂದಲೋ ಜಂಗಮನಿಂದಲೋ ಲಿಂಗವು ಬಂದ ತರುವಾಯ ತೊಟ್ಟಿಲ ಶಾಸ್ತ್ರ ನಡೆಯುತ್ತದೆ. ಸೋದರತ್ತೆಯು ಕೂಸಿನ ಕಿವಿಯಲ್ಲಿ ಹೆಸರನ್ನು ಉಸುರುತ್ತಾಳೆ. ಲಿಂಗಧಾರಣದಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ. ಹೆಸರನ್ನು ಆರಿಸುವಾಗ ಮಾತ್ರ ಆ ಭೇದವು ಮೆಲ್ಲನೆ ಒಳನುಸುಳುವುದುಂಟು.

ಈಗ ಅನೇಕರು ಪಂಚಾಂಗದ ಅಕ್ಷರವನ್ನೇ ಪ್ರಮಾಣವೆಂದು ಹಿಡಿಯುತ್ತಾರೆ. ಇಪ್ಪತ್ತೇಳು ನಕ್ಷತ್ರಗಳ ನಾಲ್ಕು ನಾಲ್ಕು ಪಾದಗಳಿಗೆ ಒಟ್ಟು 108 ಅಕ್ಷರಗಳನ್ನು ಅಲ್ಲಿ ಹಂಚಲಾಗಿದೆ. ಆರ್ದ್ರೆಯ ಮೂರನೆಯ ಪಾದಕ್ಕೆ 'ಙ', ಹಸ್ತೆಯ ಮೂರನೆಯ ಪಾದಕ್ಕೆ 'ಣ'! ಈ ಅಕ್ಷರಗಳಿಂದ ಆರಂಭವಾಗುವ ಹೆಸರನ್ನು ಯಾವ ತಾಯಿ ತಂದೆಗಳು ಎಲ್ಲಿಂದ ತಂದಾರು? ಲಗ್ನ ತಿಥಿಗಳ ಲೆಕ್ಕವನ್ನು ಬಸವಣ್ಣನವರು ತಮ್ಮ ವಚನಗಳಲ್ಲಿ ಅಲ್ಲಗಳೆದಿರುವಾಗ, ಶರಣರ ಮಾರ್ಗದಲ್ಲಿ ನಡೆಯುವವರಿಗೆ ಈ ಕಟ್ಟು ಅನಿವಾರ್ಯವಲ್ಲ.

ಹನ್ನೆರಡನೆಯ ಶತಮಾನದ ಶರಣೆಯರ ಹೆಸರುಗಳನ್ನು ನೋಡಿರಿ. ನೀಲಾಂಬಿಕೆ, ಗಂಗಾಂಬಿಕೆಯಂತಹ ಸಂಸ್ಕೃತ ರೂಪಗಳ ಜೊತೆಗೆ ಲಕ್ಕಮ್ಮ, ರೆಮ್ಮವ್ವೆ, ಸಂಕವ್ವೆ, ಕಾಳವ್ವೆ ಎಂಬ ಅಚ್ಚ ನಾಡ ರೂಪಗಳೂ ಇವೆ. 'ಲಕ್ಕ' ಎಂಬುದು ಲಕ್ಷ್ಮಿಯ ತದ್ಭವ. 'ಅವ್ವೆ' ಎಂದರೆ ತಾಯಿ. ಮುಕ್ತಾಯಕ್ಕನ ಹೆಸರಿನೊಳಗಣ 'ಮುಕ್ತಾ' ಶಬ್ದಕ್ಕೆ ಮುತ್ತೆಂಬ ಅರ್ಥವೂ ಬಿಡುಗಡೆ ಹೊಂದಿದವಳೆಂಬ ಅರ್ಥವೂ ಸಲ್ಲುತ್ತವೆ. ಹೆಸರಿನ ಹಿಂದೆ ಕಾಯಕವು ನಿಂತಿರುವುದು ಇನ್ನೂ ವಿಶೇಷ: ನೂಲುವ ಕದಿರೆ ರೆಮ್ಮವ್ವೆ, ಅಕ್ಕಿ ಆಯುವ ಆಯ್ದಕ್ಕಿ ಲಕ್ಕಮ್ಮ. ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ತಂದ ಪತಿ ಮಾರಯ್ಯನನ್ನು ಎಚ್ಚರಿಸಿ ಹಿಂದಕ್ಕೆ ಕಳುಹಿದವಳು ಈಕೆ. ಇಂತಹವಳ ಹೆಸರನ್ನು ಹಳ್ಳಿಗಾಡಿನದೆಂದು ತಳ್ಳುವವರು ಅರ್ಥವನ್ನಲ್ಲ, ನಾದವನ್ನು ಮಾತ್ರ ತೂಗುತ್ತಿದ್ದಾರೆ.

ಹಳ್ಳಿಯ ಹೆಸರುಗಳೆಲ್ಲವೂ ಒಂದೇ ಬಗೆಯವಲ್ಲ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪವ್ವ ಎಂದು ಕರೆದದ್ದು ದೃಷ್ಟಿ ತಾಗದಿರಲೆಂಬ ಅಂಜಿಕೆಯಿಂದ, ಅದರಲ್ಲಿ ಮಮತೆಯಿದೆ. ಸಾಕವ್ವ ಎಂಬುದರ ಮಾತು ಬೇರೆ. 'ಸಾಕು' ಧಾತುವಿಗೆ ಸಲಹು ಎಂಬ ಅರ್ಥವಿರುವುದರಿಂದ ಸಲಹುವ ತಾಯಿಯೆಂದು ಹೇಳಬಹುದು. ಆದರೆ ನಾಲ್ಕನೆಯದೂ ಹೆಣ್ಣಾದಾಗ ಅದೇ ಹೆಸರನ್ನು ಇಟ್ಟರೆ, ಇನ್ನು ಹೆಣ್ಣು ಸಾಕು ಎಂಬ ಬೇಸರವೇ ಅದರ ಅರ್ಥ. ಆ ಬೇಸರವನ್ನು ಮಗು ಬದುಕಿರುವ ತನಕ ಹೊರಬೇಕು. ಕೊರಳಲ್ಲಿ ಲಿಂಗವನ್ನು ಕಟ್ಟಿ ಕಿವಿಯಲ್ಲಿ 'ನೀನು ಬೇಡ' ಎಂದು ಹೇಳುವುದು ಯಾವ ಆಚಾರ?

ಅಜ್ಜಿಯ ಹೆಸರನ್ನು ಮೊಮ್ಮಗಳಿಗಿಡುವ ರೂಢಿಯಲ್ಲಿ ಮತ್ತೊಂದು ತೊಡಕಿದೆ. ಅತ್ತೆಯ ಹೆಸರನ್ನು ಸೊಸೆಯು ಉಚ್ಚರಿಸಬಾರದೆಂಬ ಮನೆಗಳಲ್ಲಿ ಹೆತ್ತತಾಯಿಯೇ ಮಗಳನ್ನು ಹೆಸರು ಹಿಡಿದು ಕರೆಯುವಂತಿಲ್ಲ. ತಾಯವ್ವ, ಅವ್ವಕ್ಕ ಎಂಬ ಅಕ್ಕರೆಯ ಹೆಸರುಗಳಿಗೆ ಇದರಿಂದ ಎಡೆಯಾಯಿತು.

ಉಡುತಡಿಯ ಶರಣೆಯ ಹೆಸರು ಮಹಾದೇವಿ. 'ಅಕ್ಕ' ಎಂಬುದು ಶರಣರು ಸಲ್ಲಿಸಿದ ಗೌರವ. ಆದರೂ ನಮ್ಮ ಜನ ಎರಡನ್ನೂ ಕೂಡಿಸಿ ಅಕ್ಕಮಹಾದೇವಿ ಎಂದೇ ಹೆಸರಿಡುತ್ತಾರೆ. ವ್ಯಾಕರಣಜ್ಞರು ಇದಕ್ಕೆ ಆಕ್ಷೇಪವೆತ್ತಬಹುದು. ತೊಟ್ಟಿಲೊಳಗಿನ ಕೂಸನ್ನು ಎಂಬತ್ತರ ಮುತ್ತಜ್ಜನೂ 'ಅಕ್ಕಾ' ಎಂದು ಕರೆಯಬೇಕಾಗುವ ಈ ವಾಡಿಕೆಯನ್ನು ತಿದ್ದಲು ನಮಗಂತೂ ಮನಸ್ಸಿಲ್ಲ.