ಕಾಂತಕ್ಕೆ ಬಗ್ಗದ ಹಾಳೆ

ಸೀಸವನ್ನು 7 ಕೆಲ್ವಿನ್‌ಗೆ ತಣಿಸಿದರೆ ಅದು ಅತಿವಾಹಕ, ವಿದ್ಯುತ್ತಿಗೆ ರೋಧವೇ ಇಲ್ಲ. ಆದರೆ ಎಷ್ಟೇ ತಣ್ಣಗಿದ್ದರೂ 0.08 ಟೆಸ್ಲಾ ಕಾಂತಕ್ಷೇತ್ರ ಸೋಕಿದರೆ ಆ ಗುಣ ಹೋಯಿತು. ಆಸ್ಪತ್ರೆಯ ಎಂಆರ್‌ಐ ಯಂತ್ರದೊಳಗೆ ಸಾಮಾನ್ಯವಾಗಿ 1.5 ಟೆಸ್ಲಾ ಇರುತ್ತದೆ. ಕಾಂತಕ್ಕೂ ಅತಿವಾಹಕಕ್ಕೂ ಹಳೆಯ ವೈರ.

ಅತಿವಾಹಕದಲ್ಲಿ ಎಲೆಕ್ಟ್ರಾನುಗಳು ಜೋಡಿಯಾಗಿ ಓಡುತ್ತವೆ. ಒಂದರ ಸ್ಪಿನ್ (ಎಲೆಕ್ಟ್ರಾನನ್ನು ಪುಟ್ಟ ಕಾಂತವಾಗಿಸುವ ಗುಣ) ಮೇಲಕ್ಕಿದ್ದರೆ ಇನ್ನೊಂದರದು ಕೆಳಕ್ಕೆ. ಕಾಂತಕ್ಷೇತ್ರ ಈ ಜೋಡಿಯನ್ನು ಎರಡು ಬಗೆಯಲ್ಲಿ ಒಡೆಯುತ್ತದೆ: ಓಟವನ್ನೇ ತಿರುಗಿಸಿ ಸುಳಿ ಎಬ್ಬಿಸುತ್ತದೆ, ಇಲ್ಲವೇ ಎರಡೂ ಸ್ಪಿನ್‌ಗಳನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಈ ಎರಡನೆಯದರ ಗಡಿಯನ್ನು 1962ರಲ್ಲಿ ಕ್ಲಾಗ್‌ಸ್ಟನ್ ಮತ್ತು ಬಿ. ಎಸ್. ಚಂದ್ರಶೇಖರ್ ಬೇರೆಬೇರೆಯಾಗಿ ಕಂಡುಕೊಂಡರು. (ನಕ್ಷತ್ರಗಳ ಚಂದ್ರಶೇಖರ್ ಬೇರೆ.) ಲೆಕ್ಕ ಸುಲಭ. ಅತಿವಾಹಕವಾಗುವ ತಾಪಮಾನ ಎಷ್ಟು ಕೆಲ್ವಿನ್ನೋ ಅದನ್ನು 1.86ರಿಂದ ಗುಣಿಸಿ, ಅಷ್ಟು ಟೆಸ್ಲಾ ದಾಟಿದರೆ ಮಾಮೂಲಿ ಜೋಡಿ ಉಳಿಯದು.

ನಿಯೋಬಿಯಂ ಡೈಸೆಲಿನೈಡ್ ಹರಳು ಅಭ್ರಕದ ಹಾಗೆ ಪದರಪದರವಾಗಿ ಬಿಚ್ಚಿಕೊಳ್ಳುತ್ತದೆ. ಅಂಟುಪಟ್ಟಿ ಒತ್ತಿ, ಕಿತ್ತು, ಮತ್ತೆ ಒತ್ತಿ ಕಿತ್ತರೆ ಅಲ್ಲೊಂದು ಇಲ್ಲೊಂದು ಒಂಟಿ ಪದರ ಸಿಗುತ್ತದೆ: ನಡುವೆ ನಿಯೋಬಿಯಂ, ಮೇಲೆ ಕೆಳಗೆ ಸೆಲೆನಿಯಂ, ಮೂರೇ ಪರಮಾಣುಗಳ ದಪ್ಪ. ಗಾಳಿ ತಾಗಿದರೆ ಕೆಡುವ ವಸ್ತುವಾದ್ದರಿಂದ ಹೊದಿಕೆ ಹಾಕಿಯೇ ಅಳೆಯಬೇಕು. ಅದು ಅತಿವಾಹಕವಾಗುವುದು ಸುಮಾರು 3 ಕೆಲ್ವಿನ್‌ನಲ್ಲಿ. ಗಡಿ 5.6 ಟೆಸ್ಲಾ ಆಯಿತು. ಆದರೆ 2016ರಲ್ಲಿ ಪ್ರಕಟವಾದ ಅಳತೆಗಳ ಪ್ರಕಾರ, ಹಾಳೆಗೆ ಸಮಾಂತರವಾದ ಕ್ಷೇತ್ರವನ್ನು ಅದು ಈ ಗಡಿಯ ಆರು ಪಟ್ಟಿಗೂ ಮೀರಿ ತಾಳಬಲ್ಲದು!

ಸಮಾಂತರ ಕ್ಷೇತ್ರ ಸುಳಿ ಎಬ್ಬಿಸಲು ಹಾಳೆಗೆ ದಪ್ಪವೇ ಇಲ್ಲ. ಮೊದಲ ದಾರಿ ಅಲ್ಲಿಗೆ ಮುಚ್ಚಿತು. ಎರಡನೆಯದನ್ನು ಮುಚ್ಚುವುದು ಹರಳಿನ ರಚನೆ. ಒಂಟಿ ಪದರದ ಪರಮಾಣು ಜೋಡಣೆಯಲ್ಲಿ ಪೂರ್ತಿ ಸಮಮಿತಿಯಿಲ್ಲ, ನಿಯೋಬಿಯಂ ಭಾರದ ಪರಮಾಣು. ಹೀಗಾಗಿ ಓಡುವ ಎಲೆಕ್ಟ್ರಾನಿಗೆ ಒಳಗಿನಿಂದಲೇ ಒಂದು ಕಾಂತಕ್ಷೇತ್ರವಿದ್ದಂತೆ ಅನುಭವವಾಗುತ್ತದೆ, ಅದೂ ಹಾಳೆಗೆ ಲಂಬವಾಗಿ. ಎದುರುಬದುರು ಓಡುವ ಜೋಡಿಯಲ್ಲಿ ಒಂದರ ಸ್ಪಿನ್ ಮೇಲಕ್ಕೆ, ಇನ್ನೊಂದರದು ಕೆಳಕ್ಕೆ ಬಿಗಿದುಕೊಳ್ಳುತ್ತದೆ. ಪಕ್ಕದಿಂದ ಎಷ್ಟು ಎಳೆದರೂ ಅದು ಅಲುಗುವುದು ಅಷ್ಟಕ್ಕಷ್ಟೆ. ಇದಕ್ಕೆ ಐಸಿಂಗ್ ಅತಿವಾಹಕತೆ ಎಂದು ಹೆಸರು. ಅದೇ ಕ್ಷೇತ್ರವನ್ನು ಲಂಬವಾಗಿ ತಿರುಗಿಸಿ ನೋಡಿ, ಸುಳಿಗಳೆದ್ದು ಹಾಳೆ ಬೇಗನೆ ಸೋಲುತ್ತದೆ.

ಕಾರ್ಬನ್ ಪರಮಾಣುಗಳ ಒಂಟಿ ಪದರವಾದ ಗ್ರಾಫೀನ್ ಇನ್ನೂ ತುಂಟ. ಕಾರ್ಬನ್ ಹಗುರ ಪರಮಾಣು, ಈ ಬಿಗಿತ ಅಲ್ಲಿ ತೀರಾ ಕಡಿಮೆ. ಆದರೂ 2021ರಲ್ಲಿ ಎಂಐಟಿಯವರು ತಿರುಚಿ ಜೋಡಿಸಿದ ಮೂರು ಪದರಗಳು ಗಡಿಯನ್ನು ಎರಡು ಮೂರು ಪಟ್ಟು ದಾಟಿದವು. ಸ್ಪಿನ್‌ಗಳು ಒಂದೇ ಕಡೆ ಮುಖ ಮಾಡಿರುವ ಜೋಡಿಗಳು ಅಲ್ಲಿರಬಹುದೆಂಬುದು ಒಂದು ಊಹೆ. ಅಂಥ ಜೋಡಿಗೆ ಕಾಂತದ ಹೆದರಿಕೆ ಏಕೆ? 2022ರ ಇನ್ನೊಂದು ವರದಿಯಲ್ಲಿ, ತಿರುಚದ ಎರಡು ಪದರಗಳ ಗ್ರಾಫೀನ್ ಕ್ಷೇತ್ರವಿಲ್ಲದಾಗ ಅತಿವಾಹಕವಾಗಲೇ ಇಲ್ಲ. ಸಮಾಂತರ ಕ್ಷೇತ್ರ ಹಾಯಿಸಿದ ಮೇಲೆ, ಸುಮಾರು 0.026 ಕೆಲ್ವಿನ್‌ನಲ್ಲಿ, ಆಯಿತು.