ತೂಕ ಇಳಿಸುವ ಸೇವೆಗೂ ಕರಾರು ಬೇಕು

ಅರಸೀಕೆರೆಯ ಕೊಬ್ಬರಿ ವರ್ತಕರಿಗೆ ತೂಕದ ಮಹತ್ವವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಚೀಲವೊಂದು ತಕ್ಕಡಿಯಿಂದ ಇಳಿಯುವ ಮುನ್ನವೇ ಸರಕಿನ ಗಾತ್ರ, ಬಣ್ಣ, ತೇವಾಂಶಗಳೆಲ್ಲ ಲೆಕ್ಕಕ್ಕೆ ಬಂದಿರುತ್ತವೆ. ಆದರೆ ಬೆಳಗಿನಿಂದ ರಾತ್ರಿಯವರೆಗೆ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ಮಂಡಿ ಮಾಲೀಕರ ದೇಹದ ತೂಕ ಯಾವ ಖಾತೆಪುಸ್ತಕದಲ್ಲಿಯೂ ದಾಖಲಾಗುವುದಿಲ್ಲ. ಬೇಲೂರು, ಹಳೇಬೀಡುಗಳ ಹೋಟೆಲ್ ಹಾಗೂ ವಸತಿಗೃಹದವರ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಪ್ರವಾಸಿಗರ ಊಟ ಮುಗಿದ ಮೇಲೆಯೇ ಅವರ ಊಟ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಅಧಿಕ ತೂಕ ಅಥವಾ ಬೊಜ್ಜು ಇರುವವರ ಪ್ರಮಾಣ 2015-16ರಲ್ಲಿ ಮಹಿಳೆಯರಲ್ಲಿ ಶೇ. 23.3, ಪುರುಷರಲ್ಲಿ ಶೇ. 22.1 ಇತ್ತು. 2019-21ರ ಸಮೀಕ್ಷೆಯಲ್ಲಿ ಅದು ಕ್ರಮವಾಗಿ ಶೇ. 30.1 ಮತ್ತು ಶೇ. 30.9ಕ್ಕೆ ಏರಿತು. ಹೊಟ್ಟೆಯ ಸುತ್ತಳತೆ ಪುರುಷರಲ್ಲಿ 90 ಸೆಂ.ಮೀ., ಮಹಿಳೆಯರಲ್ಲಿ 80 ಸೆಂ.ಮೀ. ಮೀರಿದರೆ ಮಧುಮೇಹ, ಹೃದ್ರೋಗಗಳ ಅಪಾಯ ಹೆಚ್ಚು ಎಂಬುದು ಭಾರತೀಯರಿಗೆ ಅನ್ವಯಿಸುವ ಮಾನದಂಡ. ಮಾಲೀಕನೇ ಖರೀದಿದಾರನೂ ಲೆಕ್ಕಿಗನೂ ಆಗಿರುವ ಸಣ್ಣ ವ್ಯಾಪಾರದಲ್ಲಿ ಅವನೊಬ್ಬ ಹಾಸಿಗೆ ಹಿಡಿದರೆ ಅಂಗಡಿಯ ಬಾಗಿಲು ಮುಚ್ಚಿದಂತೆಯೇ.

ಇದಕ್ಕೆ ವರ್ತಕರ ಸಂಘಗಳು ಸಾಮಾನ್ಯವಾಗಿ ಕಂಡುಕೊಂಡಿರುವ ಪರಿಹಾರ ಉಚಿತ ಆರೋಗ್ಯ ತಪಾಸಣಾ ಶಿಬಿರ. ಶಾಮಿಯಾನ, ಉದ್ಘಾಟನೆ, ಹಾರ, ಭಾಷಣ. ರಕ್ತದೊತ್ತಡ ನೋಡಿ ಒಂದು ಚೀಟಿ. ಶಿಬಿರದಿಂದ ಕಾಯಿಲೆ ಪತ್ತೆಯಾಗಬಹುದು, ತೂಕ ಇಳಿಯುವುದಿಲ್ಲ. 30 ವರ್ಷ ಮೀರಿದವರ ತಪಾಸಣೆಯನ್ನು ಸರ್ಕಾರವೇ ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ನಡೆಸುತ್ತಿರುವಾಗ ಸಂಘದ ಹಣವನ್ನು ಮತ್ತೆ ಅದಕ್ಕೇ ವ್ಯಯಿಸುವುದು ಜಾಣತನವಲ್ಲ. ಕೊರತೆಯಿರುವುದು ತಪಾಸಣೆಯ ನಂತರದ ತಿಂಗಳುಗಳಲ್ಲಿ.

ಈ ಕೊರತೆಯನ್ನು ತುಂಬುವ ಒಂದು ಕ್ರಮ ಇಂಗ್ಲೆಂಡಿನಲ್ಲಿದೆ. ಅಲ್ಲಿ 2013ರ ಏಪ್ರಿಲ್‌ನಿಂದ ಸಾರ್ವಜನಿಕ ಆರೋಗ್ಯದ ಹೊಣೆ ಸ್ಥಳೀಯ ಆಡಳಿತ ಸಂಸ್ಥೆಗಳದ್ದಾಯಿತು. ವಯಸ್ಕರ ತೂಕ ನಿಯಂತ್ರಣ ಸೇವೆಯನ್ನು ಅವು ಖಾಸಗಿ ಸಂಸ್ಥೆಗಳಿಂದಲೂ ಕರಾರಿನ ಮೇಲೆ ಪಡೆಯುತ್ತವೆ. ಅಂಥ ಕರಾರಿನಲ್ಲಿ ಏನಿರಬೇಕೆಂಬುದನ್ನು ಅಲ್ಲಿನ ರಾಷ್ಟ್ರೀಯ ಮಾರ್ಗದರ್ಶಿ ಸಂಸ್ಥೆ ‘ನೈಸ್’ 2014ರಲ್ಲಿ ಅಂಕಿಗಳಲ್ಲಿಯೇ ನಿಗದಿಪಡಿಸಿತು. ಕಾರ್ಯಕ್ರಮ ಕನಿಷ್ಠ ಮೂರು ತಿಂಗಳು ನಡೆಯಬೇಕು. ವಾರಕ್ಕೊಮ್ಮೆ ಅಥವಾ ಹದಿನೈದು ದಿನಕ್ಕೊಮ್ಮೆ ಸೇರಬೇಕು. ಸೇರಿದಾಗಲೆಲ್ಲ ತೂಕ ನೋಡಬೇಕು. ಸೇರಿದವರಲ್ಲಿ ಕನಿಷ್ಠ ಶೇ. 60 ಮಂದಿ ಕೊನೆಯವರೆಗೆ ಉಳಿಯಬೇಕು. ಸರಾಸರಿ ತೂಕ ಶೇ. 3ರಷ್ಟಾದರೂ ಇಳಿಯಬೇಕು, ಶೇ. 30 ಮಂದಿಯಾದರೂ ತಮ್ಮ ತೂಕದ ಶೇ. 5ರಷ್ಟನ್ನು ಇಳಿಸಿರಬೇಕು.

ಇದನ್ನು ನಮ್ಮ ಲೆಕ್ಕಕ್ಕೆ ತಂದರೆ, ಅರಸೀಕೆರೆಯಲ್ಲಿ ತಲಾ 80 ಕಿಲೋ ತೂಗುವ 30 ಮಂದಿ ಸೇರಿದರೆಂದು ಭಾವಿಸೋಣ. 18 ಮಂದಿ ಕೊನೆಮುಟ್ಟಬೇಕು, ಸರಾಸರಿ 2.4 ಕಿಲೋ ಇಳಿಯಬೇಕು, 9 ಮಂದಿ 4 ಕಿಲೋ ಇಳಿಸಬೇಕು. ಹದಿನೈದು ದಿನದಲ್ಲಿ ಹತ್ತು ಕಿಲೋ ಎಂಬ ಭಿತ್ತಿಪತ್ರಗಳನ್ನು ಕಂಡವರಿಗೆ ಇದು ಅಲ್ಪವೆನಿಸೀತು. ಆದರೆ ದಕ್ಕುವ ಲಾಭ ಇದೇ. ಸೇವೆ ಒದಗಿಸುವವರು ಮಧ್ಯದಲ್ಲಿ ಬಿಟ್ಟವರನ್ನು ಕೈಬಿಟ್ಟು, ಉಳಿದವರ ಸರಾಸರಿಯನ್ನಷ್ಟೇ ತೋರಿಸಿದರೆ ಅಂಕಿ ಬಹು ಸುಂದರವಾಗಿ ಕಾಣುತ್ತದೆ. ಕೊಳೆತ ಕಾಯಿಗಳನ್ನು ಎಣಿಸದೆ ತೋಟದ ಇಳುವರಿ ಹೇಳಿದಂತೆ ಅದು. ಆದ್ದರಿಂದ ಬಿಟ್ಟವರ ತೂಕ ಇಳಿದಿಲ್ಲವೆಂದೇ ಭಾವಿಸಿ, ಸೇರಿದ 30 ಮಂದಿಯ ಮೇಲೆಯೇ ಸರಾಸರಿ ತೆಗೆಯಬೇಕೆಂಬ ಷರತ್ತು ಕರಾರಿನಲ್ಲಿ ಸ್ಪಷ್ಟವಾಗಿರತಕ್ಕದ್ದು.

ಹಣ ಪಾವತಿಯಲ್ಲಿಯೂ ಎಚ್ಚರ ಅಗತ್ಯ. ಇಳಿದ ಕಿಲೋ ಒಂದಕ್ಕೆ ಇಷ್ಟು ಎಂದು ದರ ಕಟ್ಟಿದರೆ, ಸುಲಭವಾಗಿ ಇಳಿಸಬಲ್ಲವರನ್ನು ಮಾತ್ರ ಸೇರಿಸಿಕೊಳ್ಳುವ, ಉಪವಾಸ ಕೆಡವುವ ಆಮಿಷಕ್ಕೆ ದಾರಿಯಾಗುತ್ತದೆ. ಒಂದು ಭಾಗ ಆರಂಭದಲ್ಲಿ, ಒಂದು ಭಾಗ ಹಾಜರಾತಿಯ ಮೇಲೆ, ಉಳಿದದ್ದು ಒಂದು ವರ್ಷದ ನಂತರ ಮತ್ತೆ ತೂಕ ನೋಡಿದ ಮೇಲೆ ಎಂಬ ಕ್ರಮ ಲೇಸು. ತೂಕವೊಂದೇ ಅಳತೆಯಾಗಕೂಡದು. 2006ರಲ್ಲಿ ಪ್ರಕಟವಾದ ಚೆನ್ನೈನ ಅಧ್ಯಯನದಲ್ಲಿ ಆಹಾರ ಹಾಗೂ ನಡಿಗೆಯ ಸಲಹೆಯಿಂದ, ತೂಕದಲ್ಲಿ ಗಣನೀಯ ಇಳಿಕೆ ಇಲ್ಲದಿದ್ದಾಗಲೂ, ಮಧುಮೇಹಕ್ಕೆ ತುತ್ತಾಗುವ ಸಾಧ್ಯತೆ ಶೇ. 28.5ರಷ್ಟು ತಗ್ಗಿತ್ತು. ಸೊಂಟದಳತೆ, ರಕ್ತದೊತ್ತಡ, ಸಕ್ಕರೆಯ ಅಂಶಗಳೂ ದಾಖಲಾಗಬೇಕು.

ಮೂರು ಊರುಗಳಿಗೆ ಒಂದೇ ವೇಳಾಪಟ್ಟಿ ಒಗ್ಗದು. ಅರಸೀಕೆರೆಯಲ್ಲಿ ಕೊಬ್ಬರಿ ಹರಾಜಿನ ದಿನಗಳನ್ನು ಬಿಡಬೇಕು; ಬೇಲೂರು, ಹಳೇಬೀಡುಗಳಲ್ಲಿ ವಾರಾಂತ್ಯ ಮತ್ತು ರಜಾದಿನಗಳನ್ನು ಬಿಡಬೇಕು. ಹಳೇಬೀಡು ಒಂದರಲ್ಲೇ 30 ಮಂದಿ ದೊರೆಯದಿದ್ದರೆ ಬೇಲೂರಿನೊಡನೆ ಸೇರಿಸಿ, ಸಭೆಗಳನ್ನು ಎರಡೂ ಕಡೆ ಸರದಿಯಂತೆ ನಡೆಸಬಹುದು. ಮುದ್ದೆ, ಸಾರು, ಕಾಯಿತುರಿಯ ಪಲ್ಯ ಉಣ್ಣುವವರಿಗೆ ಓಟ್ಸ್ ಗಂಜಿಯ ಪಟ್ಟಿ ಕೊಡುವ ಆಹಾರತಜ್ಞರಿಂದ ಪ್ರಯೋಜನವಿಲ್ಲ. ಸಮಸ್ಯೆ ಮುದ್ದೆಯಲ್ಲಿ ಅಲ್ಲ, ಅದರ ಗಾತ್ರದಲ್ಲಿ. ಮಂಡಿಗೆ ಬರುವ ಪ್ರತಿ ಗಿರಾಕಿಯೊಡನೆ ಕುಡಿಯುವ ಸಕ್ಕರೆ ಕಾಫಿಯಲ್ಲಿ, ಸಂಜೆಯ ಬೋಂಡಾದಲ್ಲಿ. ಪುಡಿ, ಪೇಯಗಳನ್ನು ಮಾರುವವರಿಗೆ ಈ ಕರಾರು ಸಲ್ಲದು. ಚುಚ್ಚುಮದ್ದಿನ ವಿಚಾರ ವೈದ್ಯರದ್ದು, ಸಂಘದ್ದಲ್ಲ.

ನೌಕರರನ್ನು ಸೇರಿಸುವ ಮಾಲೀಕರು ವೆಚ್ಚ ಭರಿಸಬಹುದು, ಆದರೆ ನೌಕರರ ತೂಕದ ಪಟ್ಟಿ ಕೇಳಕೂಡದು. ಅವರಿಗೆ ತಲುಪಬೇಕಾದದ್ದು ಒಟ್ಟು ಅಂಕಿ ಮಾತ್ರ. ಮಹಿಳಾ ನೌಕರರಿಗೆ ಪ್ರತ್ಯೇಕ ವೇಳೆ ಇರಬೇಕು. ಸಂಜೆ ಏಳರ ನಂತರದ ತರಗತಿಗೆ ಅವರು ಬರಲಾರರು. ಗುತ್ತಿಗೆಗೆ ಮುನ್ನ ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ವೈದ್ಯರಿಂದ ಷರತ್ತುಗಳನ್ನು ಪರಿಶೀಲಿಸಿಕೊಳ್ಳುವುದು ಒಳಿತು. ಸಂಘದ ಕಚೇರಿಯಲ್ಲಿ ಮುದ್ರೆ ಹಾಕಿಸಿದ ಒಂದು ತೂಕದ ಯಂತ್ರವಿರಲಿ. ಮೊದಲ ದಿನ ತೂಗಿದ ಯಂತ್ರದಲ್ಲಿಯೇ ವರ್ಷದ ಕೊನೆಯಲ್ಲಿಯೂ ತೂಗಬೇಕು.